ತಿರುವಿನಲ್ಲಿ ಮಾತ್ರ ಹೊತ್ತುವ ಇಎಸ್‌ಸಿ ದೀಪ: ನನ್ನ ಅನುಭವ

ಇಎಸ್‌ಸಿ (ಕಾರು ಜಾರಿ ಹತೋಟಿ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪ ಹೊತ್ತಿಕೊಂಡು ನನ್ನ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಅನೇಕವು ಅದಾಗಲೇ ಒಂದು ಸೆನ್ಸರ್ ಬದಲಾಯಿಸಿಕೊಂಡೇ ಬಂದಿರುತ್ತವೆ. ನಾನಿಲ್ಲಿ ಹೇಳುತ್ತಿರುವ ಕಾರಿನಲ್ಲೂ ಎಡಗಡೆಯ ಮುಂದಿನ ಚಕ್ರದ ವೇಗ ಸೆನ್ಸರ್ ಹೊಸದಾಗಿತ್ತು. ಆದರೂ ಆಗುಂಬೆ ಘಾಟಿಯ ತಿರುವುಗಳಲ್ಲಿ ದೀಪ ಹೊತ್ತುತ್ತದೆ, ಹೆದ್ದಾರಿಯಲ್ಲಿ ಎಷ್ಟು ದೂರ ಓಡಿಸಿದರೂ ಹೊತ್ತುವುದಿಲ್ಲ ಎಂದು ಮಾಲೀಕರು ಹೇಳಿದರು. ಆ ಮಾತಿನಲ್ಲೇ ಅರ್ಧ ಉತ್ತರವಿತ್ತು.

ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿದೆ, ಏಕೆಂದರೆ ಅದು ಕುಸಿದಿದ್ದರೆ ಇಲ್ಲದ ದೋಷಗಳೂ ದಾಖಲಾಗುತ್ತವೆ. ಅದು ಸರಿಯಿತ್ತು. ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್‌ಗಳನ್ನಷ್ಟೇ ಓದುವುದರಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕವನ್ನೂ ತೆರೆಯಬಲ್ಲ ಸ್ಕ್ಯಾನರ್ ಜೋಡಿಸಿದೆ. ಸಿ0035 ಎಂಬ ಕೋಡ್ ಬಂತು. ಇದು ಎಡ ಮುಂಚಕ್ರದ ವೇಗ ಸೆನ್ಸರ್‌ನ ಸರ್ಕ್ಯೂಟಿಗೆ ಸಂಬಂಧಿಸಿದ್ದು. ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಕೋಡ್ ಅಳಿಸುವ ಮೊದಲು ಅದರೊಂದಿಗೆ ಉಳಿದಿದ್ದ ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದ ಮಾಹಿತಿ, ಓದಿದೆ: ವೇಗ ಕಡಿಮೆ, ಸ್ಟಿಯರಿಂಗ್ ಬಲಕ್ಕೆ ಪೂರ್ತಿ ತಿರುಗಿತ್ತು. ಅಳಿಸಿಬಿಟ್ಟಿದ್ದರೆ ಈ ಸಾಕ್ಷ್ಯವೂ ಹೋಗುತ್ತಿತ್ತು.

ನಂತರ ಸಹಾಯಕನಿಂದ ಕಾರು ಓಡಿಸಿ, ನಾಲ್ಕೂ ಚಕ್ರಗಳ ವೇಗವನ್ನು ಲೈವ್ ಡೇಟಾದಲ್ಲಿ ಗ್ರಾಫ್ ಆಗಿ ನೋಡುತ್ತ ಕುಳಿತೆ. ತಿರುವಿನಲ್ಲಿ ಹೊರಗಿನ ಚಕ್ರಗಳು ತುಸು ವೇಗವಾಗಿ ಉರುಳುವುದು ಸಹಜ. ಆದರೆ ಬಲಕ್ಕೆ ಪೂರ್ತಿ ತಿರುಗಿಸಿದಾಗ ಹೊರಗಿನ ಚಕ್ರವಾದ ಎಡ ಮುಂಚಕ್ರದ ಗೆರೆ ಒಮ್ಮೆಲೇ ಸೊನ್ನೆಗೆ ಬಿತ್ತು. ಸೆನ್ಸರ್ ವೇಗ ಓದಲು ಬಳಸುವ, ಬೇರಿಂಗ್‌ನ ಸೀಲಿನಲ್ಲಿರುವ ಕಾಂತೀಯ ಉಂಗುರ ಹಾಳಾಗಿದ್ದರೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಗೆರೆ ಅದೇ ರೀತಿ ಮುರಿಯುತ್ತಿತ್ತು; ಸೆನ್ಸರ್‌ಗೂ ಉಂಗುರಕ್ಕೂ ನಡುವಿನ ಅಂತರ ಹೆಚ್ಚಾಗಿದ್ದರೆ ಸ್ಟಿಯರಿಂಗ್ ನೇರವಿದ್ದಾಗಲೂ ಸಂಕೇತ ತಪ್ಪುತ್ತಿತ್ತು. ಎರಡೂ ಅಲ್ಲದ ಕಾರಣ ವೈರಿಂಗ್ ಕಡೆಗೆ ಹೋದೆ.

ಇದು ಎರಡು ವೈರಿನ ಆಕ್ಟಿವ್ ಸೆನ್ಸರ್, ಅಂದರೆ ಹೊರಗಿನಿಂದ ವಿದ್ಯುತ್ ಪಡೆದು ಕೆಲಸ ಮಾಡುವಂಥದ್ದು. ಸುಮಾರು 7 ಮತ್ತು 14 ಮಿಲಿಆಂಪಿಯರ್‌ಗಳ ನಡುವೆ ಬದಲಾಗುವ ಕರೆಂಟ್ ಮೂಲಕ ಸಂಕೇತ ಕಳಿಸುತ್ತದೆ. ತಾವೇ ಸಂಕೇತ ಹುಟ್ಟಿಸುವ ಹಳೆಯ ಪ್ಯಾಸಿವ್ ಸೆನ್ಸರ್‌ಗಳಂತೆ ಇದರ ಓಮ್ (ವಿದ್ಯುತ್ ರೋಧ) ಅಳೆದು ತೀರ್ಮಾನಕ್ಕೆ ಬರುವುದು ತಪ್ಪು. ಆದ್ದರಿಂದ ಸೆನ್ಸರನ್ನು ಬಿಟ್ಟು, ಎರಡೂ ತುದಿಯ ಕನೆಕ್ಟರ್ ಕಳಚಿ ವೈರನ್ನಷ್ಟೇ ಪರೀಕ್ಷಿಸಿದೆ. ವೈರ್ ತುಂಡಾಗಿಲ್ಲ ಎಂಬಂತೆ ಮಲ್ಟಿಮೀಟರ್ ಬೀಪ್ ಎಂದಿತು. ಅದನ್ನು ನಾನು ನಂಬುವುದಿಲ್ಲ, ಏಕೆಂದರೆ ಒಳಗೆ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ವೈರಿನ ಮೂಲಕ ಬ್ಯಾಟರಿಯಿಂದ 5 ವ್ಯಾಟಿನ ಬಲ್ಬ್ ಹೊತ್ತಿಸಿ, ಸ್ಟಿಯರಿಂಗನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದೆ. ಬಲ್ಬ್ ಮಂಕಾಗಿ ಆರಿತು.

ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ವೈರನ್ನು ಹಿಡಿದಿಡಬೇಕಾದ ಕ್ಲಿಪ್ ಇರಲೇ ಇಲ್ಲ. ಹಿಂದೆ ಶಾಕ್ ಅಬ್ಸಾರ್ಬರ್ ಬದಲಿಸಿದವರು ಅದನ್ನು ಮತ್ತೆ ಹಾಕದೆ ಬಿಟ್ಟಿರಬೇಕು. ಬಲಕ್ಕೆ ತಿರುಗಿದಾಗಲೆಲ್ಲ ವೈರ್ ಬಿಗಿದು, ಹೊರಕವಚ ಹರಿಯದೆಯೇ ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಅದರ ಅಂಚಿನಲ್ಲೇ ವೈರ್ ಮತ್ತೆ ಮುರಿಯುತ್ತದೆ. ಹಾಗಾಗಿ ಆ ಭಾಗದ ವೈರಿಂಗ್ ತುಂಡನ್ನೇ ಬದಲಿಸಿ, ಹೊಸ ಕ್ಲಿಪ್ ಕೂರಿಸಿದೆ. ಕ್ಲಿಪ್ ಇಲ್ಲದೆ ಹೊಸ ವೈರಿಗೂ ಅದೇ ಗತಿ ಬರುತ್ತಿತ್ತು.

ಕೋಡ್ ಅಳಿಸಿ, ಎರಡೂ ಕಡೆಗೆ ಪೂರ್ತಿ ತಿರುಗಿಸುತ್ತ ಓಡಿಸಿ ನೋಡಿದಾಗ ನಾಲ್ಕೂ ಗೆರೆಗಳು ಎಲ್ಲಿಯೂ ಮುರಿಯಲಿಲ್ಲ. ವೀಲ್ ಅಲೈನ್‌ಮೆಂಟ್ ಮುಟ್ಟಿರಲಿಲ್ಲ, ನೇರ ಓಟದಲ್ಲಿ ಸ್ಟಿಯರಿಂಗ್ ಕೋನ ಸೊನ್ನೆಯನ್ನೇ ತೋರಿಸುತ್ತಿತ್ತು. ಆದ್ದರಿಂದ ಸ್ಟಿಯರಿಂಗ್ ಕೋನದ ಸೆನ್ಸರಿನ ಕ್ಯಾಲಿಬ್ರೇಶನ್ (ಸೊನ್ನೆಯನ್ನು ಮತ್ತೆ ಹೊಂದಿಸುವುದು) ಮಾಡುವ ಅಗತ್ಯ ಬೀಳಲಿಲ್ಲ.