ಉಂಡವರಿಗೆ ಅಡುಗೆಯವರ ಹೆಸರು ಗೊತ್ತಿರಲಿ

ಅಪರಿಚಿತರ ಪಕ್ಕ ಕೂತು ಉಣ್ಣುವುದು ನಮಗೆ ಹೊಸದಲ್ಲ. ಮದುವೆಮನೆ, ಜಾತ್ರೆ, ಮಠ, ಧರ್ಮಸ್ಥಳದ ಅನ್ನಪೂರ್ಣ ಛತ್ರ, ಎಲ್ಲ ಕಡೆ ಕೂತಿದ್ದೇವೆ. ಪಂಕ್ತಿಭೇದ ಮಾಡಿ ಕೆಲವರನ್ನು ಹೊರಗೇ ಕೂರಿಸಿದ ಇತಿಹಾಸವೂ ನಮ್ಮದೇ, ಅದನ್ನೂ ಮರೆಯಬಾರದು. ಆದರೆ ಇಷ್ಟೆಲ್ಲ ಪಂಕ್ತಿಗಳಲ್ಲಿ ಕೂತು ಎದ್ದವರು ಒಲೆಯ ಮುಂದೆ ನಿಂತವರ ಹೆಸರು ಕೇಳಿದ್ದು ಅಪರೂಪ. ಕೇಳಿದರೂ ಮುಂದಿನ ಮದುವೆಗೆ ಅವರನ್ನೇ ಗೊತ್ತು ಮಾಡಲಿಕ್ಕೆ. ಬೆಂಗಳೂರಿನಲ್ಲಿ ಪಾಪ್-ಅಪ್ ಊಟಗಳನ್ನು ಏರ್ಪಡಿಸುವ ಕೆಲಸಕ್ಕೆ ಕೈ ಹಾಕಿದಾಗ ನನಗಿದ್ದ ಆಸೆ ಇಷ್ಟೇ: ಊಟ ಮುಗಿಸಿ ಏಳುವವರಿಗೆ ಅಡುಗೆ ಮಾಡಿದವರ, ಲೋಟ ತುಂಬಿದವರ ಪರಿಚಯ ಆಗಿರಬೇಕು. ಅದಕ್ಕೆ ಮೊದಲು ಅವರು ನನಗೆ ಗೊತ್ತಿರಬೇಕಲ್ಲ. ಆ ಪರಿಚಯ ಮಾಡಿಕೊಂಡ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಪಾಪ್-ಅಪ್ ಅಂದರೆ ಒಂದೇ ರಾತ್ರಿಯ ಹೋಟೆಲು. ಜಾಗ ಬೇರೆಯವರದು, ಅಡುಗೆಯವರು ಅವತ್ತಿನ ಅತಿಥಿ, ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಮೇಜು, ಇಪ್ಪತ್ತರ ಆಸುಪಾಸು ಜನ. ಮುಂಬಯಿಯಲ್ಲಿ ಮುನಾಫ್ ಕಪಾಡಿಯಾ 2014ರಲ್ಲಿ ತಾಯಿಯ ಕೈರುಚಿಯನ್ನೇ ನಂಬಿ ಮನೆಯಲ್ಲಿ ಬೋಹ್ರಿ ಕಿಚನ್ ಶುರು ಮಾಡಿದರು. ಬಂದವರೆಲ್ಲ ಒಂದು ದೊಡ್ಡ ತಾಟಿನ ಸುತ್ತ ಕೂತು, ಚಿಟಿಕೆ ಉಪ್ಪು ನಾಲಿಗೆಗೆ ಮುಟ್ಟಿಸಿಕೊಂಡು ಊಟ ಆರಂಭಿಸುವ ಬೋಹ್ರಾ ಮುಸ್ಲಿಮರ ಪದ್ಧತಿ. ಕೋಲ್ಕತ್ತದ ಆಸ್ಮಾ ಖಾನ್ ಲಂಡನ್ನಿನ ತಮ್ಮ ಮನೆಯಲ್ಲಿ 2012ರಲ್ಲಿ ಇಂಥ ಊಟ ಹಾಕಲು ತೊಡಗಿ, 2017ರಲ್ಲಿ ಡಾರ್ಜಿಲಿಂಗ್ ಎಕ್ಸ್‌ಪ್ರೆಸ್ ಎಂಬ ರೆಸ್ಟೋರೆಂಟ್ ತೆರೆದರು. ಹೋಟೆಲ್ ತರಬೇತಿ ಇಲ್ಲದ ಹೆಂಗಸರೇ ಅಲ್ಲಿನ ಅಡುಗೆಮನೆ ನಡೆಸಿದ್ದು. ನಮ್ಮೂರಿನ ನಾರು ನೂಡಲ್ ಬಾರ್ ಕೂಡ ಪಾಪ್-ಅಪ್ ಆಗಿ ಹುಟ್ಟಿದ್ದೇ. ಇವೆಲ್ಲದರಲ್ಲೂ ಜನ ಹುಡುಕಿಕೊಂಡು ಹೋದದ್ದು ಒಬ್ಬ ಮನುಷ್ಯರ ಕೈ ಅಡುಗೆಯನ್ನು. ಬೋರ್ಡು, ಅಲಂಕಾರ ಎಲ್ಲ ಆಮೇಲೆ.

ನಾನು ಸೋಮವಾರಗಳನ್ನು ಆರಿಸಿಕೊಂಡೆ. ಅನೇಕ ಕೆಫೆಗಳಿಗೆ ಅವತ್ತು ವಾರದ ರಜೆ, ಹಾಗಾಗಿ ಅಡುಗೆಮನೆ ಬಾಡಿಗೆಗೆ ಸಿಗುತ್ತದೆ. ಶನಿವಾರ ಭಾನುವಾರ ಮೈಮುರಿದು ದುಡಿದ ಹೋಟೆಲ್ ಶೆಫ್‌ಗಳಿಗೂ ಬಿಡುವು ಸಿಗುವುದು ಸಾಮಾನ್ಯವಾಗಿ ಅವತ್ತೇ. ಮೊದಲ ಭೇಟಿಯಲ್ಲಿ ನಾನು ಮೆನು ಮಾತೇ ಎತ್ತುವುದಿಲ್ಲ. "ರಜಾ ದಿನ ಮನೇಲಿ ಏನು ಮಾಡ್ಕೊಂಡು ತಿಂತೀರಿ?" ಅಂತ ಕೇಳುತ್ತೇನೆ. ಮೆನು ಕೇಳಿದರೆ ಹೋಟೆಲಿನ ಕಾರ್ಡೇ ಬಾಯಿಗೆ ಬರುತ್ತದೆ. ಮನೆ ಊಟ ಕೇಳಿದರೆ ಊರು, ಅಮ್ಮ, ಹಸಿವು ಎಲ್ಲ ಹೊರಗೆ ಬರುತ್ತವೆ.

ದೊಡ್ಡ ಹೋಟೆಲೊಂದರಲ್ಲಿ ಫ್ರೆಂಚ್ ಸಾಸುಗಳ ಉಸ್ತುವಾರಿ ನೋಡಿಕೊಳ್ಳುವ ಬಾಗಲಕೋಟೆ ಕಡೆಯ ಶೆಫ್ ಒಬ್ಬರು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಟ್ಟಿ ರೀ, ಮತ್ತೇನು?" ಅಂದರು. ಅಲ್ಲಿಂದ ಮಾತು ಜೋಳಕ್ಕೆ ಹೋಯಿತು. ಊರಿಂದ ಬಿಳಿಜೋಳ ತರಿಸಿಕೊಂಡು ಇಲ್ಲಿನ ಗಿರಣಿಯಲ್ಲಿ ಬೇಕಾದಷ್ಟೇ ಬೀಸಿಸುತ್ತಾರಂತೆ. "ಹಿಟ್ಟು ಹಳೇದಾತಂದ್ರ ಜಿಗಿ ಹೋಗ್ತೈತ್ರಿ. ಬಡಿಯಾಕ ಕುಂತ್ರ ಅಂಚು ಒಡೀತೈತಿ." ಎಸರು ಕುದಿಸಿ ಹಿಟ್ಟಿಗೆ ಹಾಕುವುದೂ ಆ ಜಿಗಿಗಾಗಿಯೇ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಬಿಸಿನೀರಿಗೆ ಅರೆಬೆಂದ ಹಿಟ್ಟೇ ರೊಟ್ಟಿಯನ್ನು ಹಿಡಿದಿಡಬೇಕು. ಇದನ್ನು ಹೇಳುವಾಗ ಅವರ ಕೈ ತಾನಾಗಿ ಮೇಜಿನ ಮೇಲೆ ತಟ್ಟುತ್ತಿತ್ತು. ಅವರ ಊಟಕ್ಕೆ ಏನಿರಬೇಕು ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಊಟದ ದಿನ ರೊಟ್ಟಿ ಬಡಿಯುವ ಕೊಣಮಿಗೆಯನ್ನು ಅಡುಗೆಮನೆಯ ಒಳಗಿಡದೆ ಮೇಜಿನ ತಲೆಯ ಕಡೆಗೇ ತಂದಿಟ್ಟೆವು. ಬಡಿತದ ಸದ್ದು ಕೇಳಿ ಜನ ತಟ್ಟೆ ಹಿಡಿದು ಎದ್ದು ಬಂದರು. ಎಣ್ಣೆಗಾಯಿಯ ಬಗ್ಗೆ, ಶೇಂಗಾ ಚಟ್ನಿಯ ಬಗ್ಗೆ ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಅವರೇ ರೊಟ್ಟಿ ತಿರುವುತ್ತ ಎಲ್ಲ ಹೇಳಿದರು.

ಎರಡನೆಯ ಭೇಟಿ ಮಾರ್ಕೆಟ್ಟಿನಲ್ಲಿ. ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೋ ಮೀನಾದರೆ ರಸೆಲ್ ಮಾರ್ಕೆಟ್ಟಿಗೋ ಜೊತೆಯಲ್ಲಿ ಹೋಗುತ್ತೇನೆ, ಚೀಲ ನಾನು ಹಿಡಿಯುತ್ತೇನೆ, ಮಾತು ಅವರದು. ಮೀನಿನ ಕಿವಿರು ಎತ್ತಿ ಬಣ್ಣ ನೋಡುವವರು, ಬೆರಳಿಂದ ಒತ್ತಿ ನೋಡುವವರು, ಏನನ್ನೂ ಮುಟ್ಟದೆ ಮಾರುವವರ ಮುಖ ನೋಡಿ ಕೊಳ್ಳುವವರು, ಎಲ್ಲರೂ ಇದ್ದಾರೆ. ಸೊಪ್ಪಿನವರ ಹತ್ತಿರ ಐದು ರೂಪಾಯಿಗೆ ಜಗ್ಗಾಡುವವರನ್ನೂ, ಕೇಳಿದ್ದು ಕೊಟ್ಟು "ನಾಳೆ ಒಳ್ಳೇದು ಎತ್ತಿಡಮ್ಮ" ಅನ್ನುವವರನ್ನೂ ನೋಡಿದ್ದೇನೆ. ಅಡುಗೆಮನೆಯಲ್ಲಿ ಸಹಾಯಕರ ಜೊತೆ ಅವರು ಹೇಗಿರುತ್ತಾರೆ ಅನ್ನುವುದು ನನಗೆ ಗೊತ್ತಾಗುವುದು ಈ ಸೊಪ್ಪಿನ ಅಂಗಡಿ ಮುಂದೆ.

ಕೊಡಗಿನ ಅಕ್ಕ ಒಬ್ಬರಿದ್ದಾರೆ, ಮಕ್ಕಳ ಓದಿಗಾಗಿ ಬೆಂಗಳೂರಿಗೆ ಬಂದು ಇಲ್ಲೇ ನಿಂತವರು. ಹೋಟೆಲಿನಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಪಂದಿ ಕರಿಗೆ ಹಂದಿಮಾಂಸ ಕೊಳ್ಳಲು ಅವರ ಜೊತೆ ಹೋಗಿದ್ದೆ. ಅಂಗಡಿಯವನು ನಾಜೂಕಾಗಿ ಕೊಬ್ಬು ತೆಗೆದು ತೋರಿಸಿದ. "ಯಾಕಪ್ಪ ತೆಗ್ದೆ? ತೊಗಲು, ಕೊಬ್ಬು ಎಲ್ಲ ಇರ್ಲಿ, ಅದೇ ರುಚಿ" ಅಂದರು ಅಕ್ಕ. ಮನೆಗೆ ಬಂದು ಮಸಾಲೆ ಹುರಿಯಲು ಕೂತರು. ಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಗಾಗುವ ತನಕ ಹುರಿಯುತ್ತಾರೆ, ಸೀಯುವುದಕ್ಕೆ ಒಂದೇ ಗಳಿಗೆ ಇದೆ ಅನ್ನುವಾಗ ಇಳಿಸುತ್ತಾರೆ. ಆ ಗಳಿಗೆಯನ್ನು ಗಡಿಯಾರ ನೋಡಿ ಹಿಡಿಯಲಾಗದು, ಮೂಗೇ ಹೇಳಬೇಕು. ಕೊನೆಗೆ ಚಿಕ್ಕ ಬಾಟಲಿಯಿಂದ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗುವ ಪಣಂಪುಳಿಯನ್ನು ರಾಶಿ ಹಾಕಿ, ಸೋರಿದ ರಸವನ್ನು ಕುದಿಸಿ ಕುದಿಸಿ ಕಪ್ಪು ಪಾಕದಂತೆ ಇಳಿಸಿದ್ದು ಅದು, ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಚಮಚ ಹೆಚ್ಚಾದರೂ ಹಲ್ಲು ಚಳಿಯುತ್ತದೆ. "ಇದು ನಮ್ಮ ಅತ್ತೆ ಕಾಯಿಸಿದ್ದು. ಅವರು ಹೋಗಿ ಎರಡು ವರ್ಷ ಆಯ್ತು. ಬಾಟ್ಲಿ ಇನ್ನೂ ಇದೆ" ಅಂದರು ಅಕ್ಕ. ಇಪ್ಪತ್ತು ಜನ ಅಪರಿಚಿತರ ಊಟಕ್ಕೆ ಆ ಬಾಟಲಿಯನ್ನು ಅವರು ಹೊರಗೆ ತೆಗೆದಿದ್ದಾರೆ ಅನ್ನುವುದು ತಿಳಿದಾಗ ಈ ಕೆಲಸದ ತೂಕ ನನಗೆ ಅರ್ಥವಾಯಿತು.

ಬಾರ್‌ಟೆಂಡರ್‌ಗಳ ಪರಿಚಯದ ದಾರಿ ಬೇರೆ. ಅಡುಗೆಯವರು ರುಚಿಯಿಂದ ಮಾತಿಗಿಳಿದರೆ ಇವರು ಐಸಿನಿಂದ ಇಳಿಯುತ್ತಾರೆ. ನಮ್ಮ ಊಟಗಳಿಗೆ ಬರುವ ಹುಡುಗಿಯೊಬ್ಬಳು ಶಿರಸಿ ಕಡೆಯವಳು. ಅವಳನ್ನು ಮೊದಲು ನೋಡಲು ಹೋದಾಗ ತನ್ನ ಬಾಡಿಗೆ ಮನೆಯ ಫ್ರೀಜರಿನಿಂದ ಮುಚ್ಚಳವಿಲ್ಲದ ಥರ್ಮೋಕೋಲ್ ಡಬ್ಬಿ ತೆಗೆದು ತೋರಿಸಿದಳು. ನೀರು ಸುತ್ತಲಿಂದ ಹೆಪ್ಪುಗಟ್ಟಿದರೆ ಒಳಗಿನ ಗಾಳಿ ನಡುವೆ ಸಿಕ್ಕಿಕೊಂಡು ಐಸು ಬೆಳ್ಳಗಾಗುತ್ತದೆ. ಮೇಲಿನಿಂದ ಮಾತ್ರ ತಣ್ಣಗಾಗುವಂತೆ ಮಾಡಿದರೆ ಗಾಳಿ ಕೆಳಕ್ಕೆ ಸರಿಯುತ್ತದೆ, ಮೇಲಿನ ಭಾಗ ಗಾಜಿನಷ್ಟು ತಿಳಿ. ತಳದ ಮಸುಕನ್ನು ಬ್ರೆಡ್ ಚಾಕುವಿನಿಂದ ಗೀರಿ ತಟ್ಟಿ ಒಡೆದು ತೆಗೆದಳು. "ಇದು ಬರೀ ಚಂದಕ್ಕೆ ಅಲ್ಲ ಅಕ್ಕ, ದೊಡ್ಡ ತುಂಡು ನಿಧಾನ ಕರಗತ್ತೆ. ಕಡೇ ಗುಟುಕೂ ಮೊದಲ್ನೇದರ ಹಾಗೇ ಇರ್ಬೇಕು."

ಇಪ್ಪತ್ತು ಜನ ಒಟ್ಟಿಗೆ ಕೂತಾಗ ಒಂದೊಂದೇ ಲೋಟ ಕಲಸುತ್ತ ನಿಂತರೆ ಆಗದು. ಅವಳು ಮಧ್ಯಾಹ್ನವೇ ಬ್ಯಾಚ್ ಮಾಡಿ, ಅಂದರೆ ಎಲ್ಲರ ಪಾಲನ್ನೂ ಒಂದೇ ಸಲ ಕಲಸಿ, ಬಾಟಲಿಗಳಲ್ಲಿ ತುಂಬಿ ಫ್ರಿಜ್ಜಿಗೆ ಹಾಕುತ್ತಾಳೆ. ಐಸಿನ ಜೊತೆ ಕಲಸುವಾಗ ಕರಗಿ ಸೇರಬೇಕಾದ ನೀರನ್ನು, ಮಿಶ್ರಣದ ಸುಮಾರು ಕಾಲು ಭಾಗದಷ್ಟು, ಮೊದಲೇ ಅಳೆದು ಬೆರೆಸುತ್ತಾಳೆ. ಹೀಗೆ ಮಾಡಿದ್ದರಿಂದ ಊಟದ ಹೊತ್ತಿಗೆ ಅವಳ ಕೈ ಬಿಡುವಾಗುತ್ತದೆ, ಜನರ ಜೊತೆ ಮಾತಾಡಬಹುದು. ಯಾವ ಬಾರ್‌ಟೆಂಡರ್ ಬಂದರೂ ನಾನು ಬ್ಯಾಚ್ ಮಾಡಿ ಅಂತಲೇ ಕೇಳಿಕೊಳ್ಳುತ್ತೇನೆ, ಕಾರಣ ಇದೇ.

ಬಾರಿನ ಕೆಲಸದ ಬಗ್ಗೆ ಮನೆಯಲ್ಲಿ ಹೇಳಿದ್ದೀಯಾ ಅಂತ ಶಿರಸಿಯ ಹುಡುಗಿಯನ್ನು ಒಮ್ಮೆ ಕೇಳಿದೆ. "ಅಪ್ಪನಿಗೆ ಹೋಟೆಲ್ ಕೆಲಸ ಅಂತ ಗೊತ್ತು. ಅಮ್ಮನಿಗೆ ಎಲ್ಲ ಗೊತ್ತು, ಮಿಡಿ ಕಳ್ಸೋದೇ ಅವಳು" ಅಂದಳು. ಅವಳ ಪಾನೀಯಗಳ ಜೀವ ಇರುವುದು ಆ ಅಪ್ಪೆಮಿಡಿಯ ಉಪ್ಪುನೀರಿನಲ್ಲಿ. ಮದ್ಯ ಕುಡಿಯದವರಿಗೆ ಅದೇ ನೀರಿನಿಂದ ಇಂಗಿನ ಒಗ್ಗರಣೆಯ ವಾಸನೆ ಬರುವ ತಣ್ಣನೆಯ ಅಪ್ಪೆಹುಳಿ ಮಾಡಿ ಅಷ್ಟೇ ಒಳ್ಳೆಯ ಲೋಟದಲ್ಲಿ ಕೊಡುತ್ತಾಳೆ. ಮದ್ಯ ಬಡಿಸುವ ಜಾಗಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಅನ್ನುತ್ತಿದ್ದ, ದೆಹಲಿಗೆ ಅನ್ವಯಿಸಿದ್ದ ಹಳೆಯ ಪಂಜಾಬ್ ಅಬಕಾರಿ ಕಾಯ್ದೆಯ ನಿಯಮವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2007ರಲ್ಲಿ. ಅಷ್ಟು ಹತ್ತಿರದ ಕಾಲದ ಮಾತು. ಅವಳ ಜಾಗದಲ್ಲಿ ನಿಲ್ಲಲು ಎಷ್ಟು ಧೈರ್ಯ ಬೇಕು ಅನ್ನುವುದು ಬಂದವರಿಗೂ ತಿಳಿಯಲಿ ಅಂತ ನನಗೆ ಆಸೆ. ಆದರೆ ಆ ಕತೆಯನ್ನು ಹೇಳುವುದೂ ಬಿಡುವುದೂ ಅವಳಿಗೆ ಸೇರಿದ್ದು. ಮನೆಯ ವಿಷಯ ಯಾವುದನ್ನೂ ಕೇಳದೆ ನಾನು ಮೇಜಿಗೆ ತರುವುದಿಲ್ಲ.

ಮದ್ಯದ ವಿಷಯದಲ್ಲಿ ಕಾಗದ ಪತ್ರ ಸರಿಯಿರಲೇಬೇಕು. ಸನ್ನದು ಇಲ್ಲದ ಜಾಗದಲ್ಲಿ ಬಡಿಸಬೇಕಾದರೆ ಅಬಕಾರಿ ಇಲಾಖೆಯಿಂದ ಆ ದಿನಕ್ಕೆ ಸಿಎಲ್-5 ಸನ್ನದು ಪಡೆಯಬೇಕು. ಅಡುಗೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ. ಇವು ಏರ್ಪಡಿಸುವವರ ಹೊಣೆ. ತೊಂದರೆ ಬಂದಾಗ ಮೊದಲು ಸಿಕ್ಕಿಬೀಳುವುದು ಕೌಂಟರಿನ ಹಿಂದೆ ನಿಂತ ಬಾರ್‌ಟೆಂಡರ್. ನಾನು ಸನ್ನದಿನ ಪ್ರತಿಯನ್ನು ಹಿಂದಿನ ದಿನವೇ ಅವರ ಕೈಗೆ ಕೊಟ್ಟಿರುತ್ತೇನೆ.

ಎಲ್ಲಕ್ಕಿಂತ ನನಗೆ ಮುಖ್ಯವಾದದ್ದು ಅಡುಗೆಯವರನ್ನೂ ಬಾರ್‌ಟೆಂಡರನ್ನೂ ಊಟಕ್ಕೆ ಮೊದಲೇ ಕೂಡಿಸುವುದು. ಹೋಟೆಲುಗಳಲ್ಲಿ ಇವರಿಬ್ಬರ ನಡುವೆ ಒಂದು ಗೋಡೆಯಿದೆ, ವರ್ಷಗಟ್ಟಲೆ ಒಂದೇ ಕಡೆ ಕೆಲಸ ಮಾಡಿಯೂ ಒಬ್ಬರ ಕೈ ಇನ್ನೊಬ್ಬರು ನೋಡಿರುವುದಿಲ್ಲ. ನಾನು ಟ್ರಯಲ್ ನನ್ನ ಮನೆಯಲ್ಲೇ ಇಡುತ್ತೇನೆ. ಕೊಡಗಿನ ಅಕ್ಕ ಮತ್ತು ಶಿರಸಿಯ ಹುಡುಗಿ ನನ್ನ ಅಡುಗೆಮನೆ ಕಟ್ಟೆಯ ಮೇಲೆ ಕಾಚಂಪುಳಿ ಬಾಟಲಿಯನ್ನೂ ಮಿಡಿಯ ಭರಣಿಯನ್ನೂ ಪಕ್ಕಪಕ್ಕ ಇಟ್ಟರು. ಹುಡುಗಿ ಕಾಚಂಪುಳಿಯ ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಇದಕ್ಕೆ ಇನ್ನೊಂದು ಹುಳಿ ಜೊತೆ ಬೇಡ, ನನ್ನ ಲೋಟದಲ್ಲಿ ಹುಳಿ ತೆಗಿತೀನಿ" ಅಂದಳು. ನಿಂಬೆ, ಮಿಡಿ ಎರಡನ್ನೂ ಬಿಟ್ಟು ಕೊಡಗಿನ ಕಿತ್ತಳೆಯ ಸಿಪ್ಪೆ, ಜೇನು, ಸ್ವಲ್ಪ ಕಾಳುಮೆಣಸು ಹಾಕಿ ಜಿನ್ನಿನಲ್ಲಿ ಏನೋ ಕಲಸಿದಳು. ಅಕ್ಕ ಒಂದು ಗುಟುಕು ಕುಡಿದು, "ಮೆಣಸು ಎಲ್ಲಿದು?" ಅಂತ ಕೇಳಿ, ತಮ್ಮ ತೋಟದ್ದನ್ನೇ ಪೊಟ್ಟಣ ಕಟ್ಟಿಕೊಟ್ಟರು. ಪಂದಿ ಕರಿ ಜೊತೆಗಿನ ಕಡಂಬುಟ್ಟಿಗೆ ಅಕ್ಕಿ ತರಿಯ ಉಂಡೆ ಕಟ್ಟುವುದನ್ನು ಹುಡುಗಿ ಕಲಿತದ್ದೂ ಅವತ್ತೇ. ಮೇಜಿನ ಮುಂದೆ ಇವರ ಪರಿಚಯ ಮಾಡಿಕೊಡುವಾಗ ನಾನು ಹೇಳಿದ್ದು ಇಷ್ಟನ್ನೇ. ಯಾರಿಗೆ ಎಷ್ಟು ವರ್ಷದ ಅನುಭವ, ಎಲ್ಲಿ ಪ್ರಶಸ್ತಿ ಬಂತು, ಅದು ಯಾರಿಗೂ ಬೇಕಾಗಲಿಲ್ಲ.

ಊಟದ ದಿನ ಅತಿಥಿಗಳು ಬರುವ ಮೊದಲು ಸ್ಟಾಫ್ ಊಟ. ಅಡುಗೆಯವರು, ಬಾರಿನವರು, ಬಡಿಸುವ ಹುಡುಗರು, ಪಾತ್ರೆ ತೊಳೆಯುವ ಅಮ್ಮ, ನಾನು, ಎಲ್ಲ ಒಂದೇ ಮೇಜಿಗೆ. ಅವಸರಕ್ಕೆ ನಿಂತೇ ತಿನ್ನುವ ಅಭ್ಯಾಸ ಇವರೆಲ್ಲರಿಗೂ ಅಂಟಿದೆ, ಕೂರಿಸುವುದೇ ಕಷ್ಟ. ಅನ್ನ, ತಿಳಿಸಾರು, ಒಂದು ಪಲ್ಯ ಸಾಕು. ಇಲ್ಲಿ ಯಾರು ಯಾರ ತಟ್ಟೆಗೆ ಬಡಿಸುತ್ತಾರೆ ಅನ್ನುವುದನ್ನು ನಾನು ಗಮನವಿಟ್ಟು ನೋಡುತ್ತೇನೆ.

ಅತಿಥಿಗಳ ಮುಂದೆ ಮೈಕು ಹಿಡಿಸಿ ಭಾಷಣ ಮಾಡಿಸುವುದನ್ನು ಬಿಟ್ಟಿದ್ದೇನೆ. ಒಲೆ ಮುಂದೆ ಹುಲಿಯಂತಿರುವವರು ಮೈಕು ಕಂಡರೆ ಬಾಯಿ ಕಟ್ಟಿ ನಿಲ್ಲುತ್ತಾರೆ. ಅದರ ಬದಲು ಮೇಜಿನ ನಡುವೆ ಎರಡು ಕುರ್ಚಿ ಖಾಲಿ ಬಿಟ್ಟಿರುತ್ತೇನೆ. ಸಿಹಿ ಬರುವ ಹೊತ್ತಿಗೆ ಅಡುಗೆಯವರೂ ಬಾರ್‌ಟೆಂಡರೂ ಕೈ ತೊಳೆದು ಬಂದು ಅಲ್ಲೇ ಕೂತು ಉಣ್ಣುತ್ತಾರೆ. ಪಕ್ಕದವರು ಕೇಳುತ್ತಾರೆ, ಇವರು ಹೇಳುತ್ತಾರೆ. ಮೆನು ಕಾಗದದ ಹಿಂಬದಿಯಲ್ಲಿ ಪಾತ್ರೆ ತೊಳೆದವರ ತನಕ ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ತನ್ನ ಹೆಸರಿದ್ದ ಕಾಗದವನ್ನು ಆ ಅಮ್ಮ ಮಗಳಿಗೆ ತೋರಿಸಲು ಎರಡು ಪ್ರತಿ ಕೇಳಿ ತೆಗೆದುಕೊಂಡರು.

ದುಡ್ಡಿನ ಮಾತನ್ನು ನಾನು ಮೊದಲ ವಾರದಲ್ಲೇ ಮುಗಿಸಿಬಿಡುತ್ತೇನೆ. ಅರ್ಧ ಮುಂಗಡ, ಉಳಿದದ್ದು ಅದೇ ರಾತ್ರಿ ಮನೆಗೆ ಹೋಗುವ ಮುಂಚೆ, ಸಾಮಾನಿನ ಖರ್ಚು ಬೇರೆ. ಟಿಕೆಟ್ ಎಷ್ಟಕ್ಕೆ ಮಾರಿದೆ, ಜಾಗದ ಬಾಡಿಗೆ ಎಷ್ಟು, ನನಗೆ ಉಳಿದದ್ದೆಷ್ಟು ಅನ್ನುವ ಲೆಕ್ಕವನ್ನು ಎದುರಿಗೇ ಇಡುತ್ತೇನೆ. "ಹೆಸರು ಬರತ್ತಲ್ಲ" ಅಂತ ಪುಕ್ಕಟೆ ದುಡಿಸುವುದು ಈ ವಲಯದಲ್ಲಿ ಬಹಳ ನಡೆಯುತ್ತದೆ, ಮನೆ ಅಡುಗೆಯ ಹೆಂಗಸರಿಗಂತೂ ಇನ್ನೂ ಹೆಚ್ಚು. ಲೆಕ್ಕ ತೆರೆದಿಟ್ಟ ಮೇಲೇ ಕೊಡಗಿನ ಅಕ್ಕ ನನ್ನನ್ನು ಸಲಿಗೆಯಿಂದ "ನೀನು" ಅನ್ನತೊಡಗಿದ್ದು.

ಈಗ ಮುಂದಿನ ಊಟಕ್ಕೆ ಯಾರನ್ನು ಕರೆಯಲಿ ಅಂತ ನಾನು ಹುಡುಕಿಕೊಂಡು ಹೋಗುವುದಿಲ್ಲ. ಇವರನ್ನೇ ಕೇಳುತ್ತೇನೆ, ಯಾರ ಜೊತೆ ಅಡುಗೆ ಮಾಡೋ ಆಸೆ ಇದೆ ಅಂತ. ರೊಟ್ಟಿಯ ಶೆಫ್ ತಮ್ಮ ಹೋಟೆಲಿನಲ್ಲೇ ಬೆಳಗಿನ ಪಾಳಿಯಲ್ಲಿ ಬ್ರೆಡ್ ಸುಡುವ ಭಟ್ಕಳದ ಹುಡುಗನೊಬ್ಬನನ್ನು ಹೇಳಿದ್ದಾರೆ. ಅವನ ಅಜ್ಜಿಯ ಬಿರಿಯಾನಿಯ ಬಗ್ಗೆ ಹೋಟೆಲಿನಲ್ಲಿ ಯಾರೂ ಕೇಳಿಲ್ಲವಂತೆ. ಈ ಭಾನುವಾರ ಬೆಳಿಗ್ಗೆ ಅವನ ಪಾಳಿ ಮುಗಿದ ಮೇಲೆ ಶಿವಾಜಿನಗರದಲ್ಲಿ ಸಿಗುವುದು ಅಂತ ಮಾತಾಗಿದೆ.