ಲಿವರ್ ಒಳಗಿನ ಉರಿ: ಹಳೆಯ ರಕ್ತದ ರಿಪೋರ್ಟ್ ಓದುವುದು ಹೇಗೆ?

ದೊಡ್ಡಪ್ಪ ತೀರಿಕೊಂಡ ಮೇಲೆ ಕಾಪುವಿನ ಮನೆಯ ಕಪಾಟಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿತು. ಅದರ ತುಂಬ ಐದು ವರ್ಷದ ರಕ್ತದ ರಿಪೋರ್ಟ್‌ಗಳು. ಶುಗರ್‌ಗೆ ಅಂತ, ಜ್ವರಕ್ಕೆ ಅಂತ, ಒಮ್ಮೆ ಕಣ್ಣಿನ ಪೊರೆಯ ಆಪರೇಷನ್‌ಗೆ ಅಂತ ಬೇರೆ ಬೇರೆ ಲ್ಯಾಬ್‌ನಲ್ಲಿ ಮಾಡಿಸಿದ್ದು. ತಾರೀಕಿನ ಪ್ರಕಾರ ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆ. ಪ್ಲೇಟ್ಲೆಟ್ ಎರಡು ಲಕ್ಷ ಇದ್ದದ್ದು ಒಂದೂಮುಕ್ಕಾಲಾಗಿ, ಆಮೇಲೆ ಒಂದೂಕಾಲಾಗಿ, ಕೊನೆಗೆ ಒಂದು ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಕುಡಿತ ಇಲ್ಲದ ಮನುಷ್ಯ, ಹಾಗಾಗಿ ಲಿವರ್ ಬಗ್ಗೆ ಯಾರಿಗೂ ಯೋಚನೆಯೇ ಬರಲಿಲ್ಲ. ಗೊತ್ತಾಗುವ ಹೊತ್ತಿಗೆ ಲಿವರ್ ಕ್ಯಾನ್ಸರ್ ಗಡ್ಡೆ ದೊಡ್ಡದಾಗಿತ್ತು. ಒಳಗೆ ಇದ್ದದ್ದು ಹೆಪಟೈಟಿಸ್ ಬಿ, ಲಿವರ್‌ಗೆ ಉರಿಯೂತ ತರುವ ವೈರಸ್.

ಆ ಕಾಗದಗಳನ್ನು ಮನೆಯವರಾದ ನಾವು ಒಮ್ಮೆಯೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ನೀವು ನೋಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ರಕ್ತದಲ್ಲಿನ ಉರಿಯೂತದ ಯಾವ ಅಂಕಿಯೂ ಒಂಟಿಯಾಗಿ ಲಿವರ್ ಕ್ಯಾನ್ಸರ್ ಹಿಡಿದುಕೊಡುವುದಿಲ್ಲ. ಆದರೂ ಅದಕ್ಕೆ ಬೆಲೆ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ವರ್ಷಗಟ್ಟಲೆ ಉರಿಯೂತ ಇದ್ದ ಲಿವರ್‌ನಲ್ಲಿ. ಜೀವಕೋಶ ಸಾಯುತ್ತದೆ, ಹೊಸದು ಬೆಳೆಯುತ್ತದೆ, ಮತ್ತೆ ಸಾಯುತ್ತದೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ನಡೆದರೆ ಗಾಯದ ಕಲೆ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ, ಮರಿ ಕೋಶಗಳಲ್ಲಿ ತಪ್ಪುಗಳು ಸೇರುತ್ತಾ ಹೋಗುತ್ತವೆ. ಅಷ್ಟೂ ವರ್ಷ ನೋವು ಅಂತ ಏನೂ ಇರುವುದಿಲ್ಲ. ನೋವು ಗೊತ್ತುಮಾಡುವ ನರಗಳು ಇರುವುದು ಲಿವರ್‌ನ ಹೊರಗಿನ ಪೊರೆಯಲ್ಲಿ, ಒಳಗಲ್ಲ.

ಮೊದಲು, ನೀವು ಯಾರ ಸಾಲಿನಲ್ಲಿದ್ದೀರಿ?

ಹೆಪಟೈಟಿಸ್ ಬಿ ಅಥವಾ ಸಿ ಇರುವವರು, ಸಿರೋಸಿಸ್ ಆದವರು, ತುಂಬ ವರ್ಷ ಕುಡಿದವರು, ಶುಗರ್ ಮತ್ತು ಬೊಜ್ಜಿನ ಜೊತೆ ಫ್ಯಾಟಿ ಲಿವರ್ ಇರುವವರು, ಇವರೆಲ್ಲ ಹುಷಾರಾಗಿರಬೇಕು. ಹೆಪಟೈಟಿಸ್ ಬಿ ತಾಯಿಯಿಂದ ಮಗುವಿಗೆ ದಾಟುತ್ತದೆ, ಹಾಗಾಗಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರೂ ಟೆಸ್ಟ್ ಮಾಡಿಸಲೇಬೇಕು. ಎಚ್‌ಬಿಎಸ್‌ಎಜಿ ಅಂತ ಒಂದು ಸುಲಭದ ಟೆಸ್ಟ್ ಇದೆ. 2018ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟ್, ಮಾತ್ರೆ ಎರಡೂ ಉಚಿತ.

ಈಗ ರಿಪೋರ್ಟ್ ಹರಡಿ

ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್‌ನಲ್ಲಿ ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್ ಅನ್ನುವ ಬಿಳಿ ರಕ್ತಕಣಗಳು ಶೇಕಡಾ ಎಷ್ಟು ಅಂತ ಇರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 62 ಮತ್ತು 31 ಇದ್ದರೆ ಉತ್ತರ 2. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರ ಒಳಗೆ. ಉರಿಯೂತ ಏರಿದಾಗ ನ್ಯೂಟ್ರೊಫಿಲ್ ಜಾಸ್ತಿಯಾಗುತ್ತದೆ, ಗಡ್ಡೆಯ ವಿರುದ್ಧ ಹೋರಾಡಬೇಕಾದ ಲಿಂಫೊಸೈಟ್ ಕಡಿಮೆಯಾಗುತ್ತದೆ. ಲಿವರ್ ಕ್ಯಾನ್ಸರ್ ಆದವರಲ್ಲಿ ಚಿಕಿತ್ಸೆಯ ನಂತರ ಹೇಗಿರಬಹುದು ಅಂತ ಅಂದಾಜು ಮಾಡಲು ಅಧ್ಯಯನಗಳಲ್ಲಿ ಈ ಅನುಪಾತವನ್ನು ಬಳಸುತ್ತಾರೆ. ಇಷ್ಟು ದಾಟಿದರೆ ಕ್ಯಾನ್ಸರ್ ಅನ್ನುವ ಗೆರೆ ಮಾತ್ರ ಇಲ್ಲ. ನಿಮ್ಮದೇ ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಇಟ್ಟು ನೋಡಬೇಕು. ಮೂರು ವರ್ಷ 2ರ ಆಸುಪಾಸಿನಲ್ಲಿ ಇದ್ದದ್ದು ಈಗ ಎರಡು ಸಲ 4 ಬಂದರೆ ಡಾಕ್ಟರ ಹತ್ತಿರ ಕೇಳುವ ವಿಷಯ.

ನಮ್ಮ ಊರಲ್ಲಿ ಇದಕ್ಕೊಂದು ತೊಡಕಿದೆ ಮಾರಾಯ್ರೆ. ಮಳೆಗಾಲದ ರಿಪೋರ್ಟ್ ನಂಬುವ ಹಾಗಿಲ್ಲ. ಇಲಿಜ್ವರದಲ್ಲಿ ನ್ಯೂಟ್ರೊಫಿಲ್ ಏರುತ್ತದೆ, ಮಲೇರಿಯಾ ಮತ್ತು ಡೆಂಗಿಯಲ್ಲಿ ಪ್ಲೇಟ್ಲೆಟ್ ಕುಸಿಯುತ್ತದೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡರೂ ಅನುಪಾತ ಮೇಲೆ ಹೋಗುತ್ತದೆ. ಜ್ವರದ ಸಮಯದ ಕಾಗದಗಳನ್ನು ಬೇರೆ ಇಡಿ. ಜ್ವರ ಬಿಟ್ಟು ಒಂದು ತಿಂಗಳಾದ ಮೇಲೆ ಮಾಡಿಸಿದ್ದನ್ನು ಮಾತ್ರ ಹೋಲಿಸಿ.

ಸಿಆರ್‌ಪಿ ಅನ್ನುವ ಉರಿಯೂತದ ಟೆಸ್ಟ್ ಕಂಡರೆ ಅದರಲ್ಲೂ ಒಂದು ಮೋಸ ಇದೆ. ಉರಿಯೂತ ಇದ್ದಾಗ ಸಿಆರ್‌ಪಿ ತಯಾರಿಸುವುದು ಯಾರು? ಲಿವರೇ. ಲಿವರ್ ತೀರಾ ಹಾಳಾದವರಲ್ಲಿ ಉರಿಯೂತ ಎಷ್ಟಿದ್ದರೂ ಸಿಆರ್‌ಪಿ ಅಷ್ಟು ಏರದೇ ಇರಬಹುದು. ಸಿಆರ್‌ಪಿ ನಾರ್ಮಲ್ ಇದೆ ಅಂತ ನೆಮ್ಮದಿಯಿಂದ ಕೂರಬೇಡಿ. ಪಕ್ಕದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ನೋಡಿ. ಅದನ್ನು ಮಾಡುವುದೂ ಲಿವರೇ, ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಸುಮ್ನೆ ಬಿಡುವ ವಿಷಯವಲ್ಲ.

ಒಂದು ಸಣ್ಣ ಲೆಕ್ಕ

ಇದು ಫಿಬ್-4. ಲಿವರ್‌ನಲ್ಲಿ ಕಲೆ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಕೊಡುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್ ಟೆಸ್ಟ್‌ನಲ್ಲಿ ಬರುವ ಎರಡು ಕಿಣ್ವಗಳ ಅಂಕಿ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್ಲೆಟ್ ಎಷ್ಟು ಸಾವಿರ ಇದೆಯೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 58, ಎಸ್‌ಜಿಒಟಿ 62, ಎಸ್‌ಜಿಪಿಟಿ 49, ಪ್ಲೇಟ್ಲೆಟ್ 1.3 ಲಕ್ಷ ಅಂದರೆ 130 ಸಾವಿರ. 3596ನ್ನು 910ರಿಂದ ಭಾಗಿಸಿದರೆ ಸುಮಾರು 3.95. 1.3ಕ್ಕಿಂತ ಕಡಿಮೆ ಇದ್ದರೆ ಭಯ ಕಡಿಮೆ. 2.67 ದಾಟಿದರೆ ಲಿವರ್ ಡಾಕ್ಟರನ್ನು ನೋಡಲೇಬೇಕು. 65 ವರ್ಷ ದಾಟಿದವರಿಗೆ ಕೆಳಗಿನ ಗೆರೆ 1.3 ಅಲ್ಲ, 2. ತೀರಾ ಚಿಕ್ಕ ವಯಸ್ಸಿನವರಿಗೆ ಈ ಲೆಕ್ಕ ಸರಿ ಬರುವುದಿಲ್ಲ. ಲಿವರ್ ಗಟ್ಟಿಯಾದಾಗ ರಕ್ತ ಹಿಂದಕ್ಕೆ ಒತ್ತಿ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಅದು ಪ್ಲೇಟ್ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡಪ್ಪನ ತೊಟ್ಟೆಯಲ್ಲಿ ಇಳಿಯುತ್ತಾ ಬಂದ ಅಂಕಿ ಅದೇ ಅಲ್ವಾ?

ಆಮೇಲೆ ಸ್ಕ್ಯಾನಿಂಗ್

ಸಿರೋಸಿಸ್ ಇರುವವರಿಗೆ, ಹೆಪಟೈಟಿಸ್ ಬಿ ಇದ್ದು ಅಪಾಯ ಜಾಸ್ತಿ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ. ಗಡ್ಡೆಯನ್ನು ಬೇಗ ಹಿಡಿಯುವ ದಾರಿ ಇದು. ಎಎಫ್‌ಪಿ ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಲಿವರ್ ಮಾಡುವ ಪ್ರೋಟೀನ್. ದೊಡ್ಡವರ ರಕ್ತದಲ್ಲಿ ಬಹಳ ಕಡಿಮೆ. ಲಿವರ್ ಕ್ಯಾನ್ಸರ್ ಇದ್ದವರಲ್ಲಿ ಅದು ಮತ್ತೆ ಕಾಣಿಸುತ್ತದೆ ಅಂತ 1964ರಲ್ಲಿ ತೋರಿಸಿದವರು ಸೋವಿಯತ್ ವಿಜ್ಞಾನಿ ಯೂರಿ ತತಾರಿನೊವ್. ರಿಪೋರ್ಟ್‌ನಲ್ಲಿ ಎಎಫ್‌ಪಿ 20 (ng/mL) ದಾಟಿದರೆ ಮುಂದಿನ ಪರೀಕ್ಷೆ ಬೇಕು. ಆದರೆ ಎಷ್ಟೋ ಸಣ್ಣ ಗಡ್ಡೆಗಳಲ್ಲಿ ಅದು ಏರುವುದೇ ಇಲ್ಲ, ಹಾಗಾಗಿ ಸ್ಕ್ಯಾನಿಂಗ್ ತಪ್ಪಿಸಬಾರದು. ಶಾಂಘೈಯಲ್ಲಿ 18,816 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೀಗೆ ಆರು ತಿಂಗಳಿಗೊಮ್ಮೆ ಪರೀಕ್ಷಿಸಿದ ಗುಂಪಿನಲ್ಲಿ ಲಿವರ್ ಕ್ಯಾನ್ಸರ್‌ನಿಂದಾದ ಸಾವು ಶೇ 37ರಷ್ಟು ಕಡಿಮೆ ಇತ್ತು. ಏನಾದರೂ ಕಂಡರೆ ಬಣ್ಣದ ಮದ್ದು ಚುಚ್ಚಿ ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ಸಿರೋಸಿಸ್ ಇದ್ದವರಲ್ಲಿ ಎಷ್ಟೋ ಸಲ ಬಯಾಪ್ಸಿ (ಲಿವರ್‌ನ ತುಣುಕು ತೆಗೆದು ನೋಡುವುದು) ಇಲ್ಲದೆಯೇ ತಿಳಿಯುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಫೈಲು ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಒಂದೇ ಹಾಳೆಯಲ್ಲಿ ಪ್ಲೇಟ್ಲೆಟ್, ಅಲ್ಬುಮಿನ್, ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತ, ಫಿಬ್-4 ಇಷ್ಟನ್ನು ವರ್ಷವಾರು ಬರೆದು ಮೇಲೆ ಇಡಿ. ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ಅವರಿಗೆ ಹತ್ತು ಕಾಗದ ತಿರುವಿ ನೋಡುವಷ್ಟು ಪುರುಸೊತ್ತು ಇರುವುದಿಲ್ಲ.

ದೊಡ್ಡಪ್ಪನ ನಂತರ ನಮ್ಮ ಮನೆಯಲ್ಲಿ ಎಲ್ಲರೂ ಟೆಸ್ಟ್ ಮಾಡಿಸಿದೆವು. ಚಿಕ್ಕಪ್ಪನಿಗೆ ಹೆಪಟೈಟಿಸ್ ಬಿ ಇತ್ತು. ಈಗ ಮಾತ್ರೆ ನಡೆಯುತ್ತಿದೆ. ಸ್ಕ್ಯಾನಿಂಗ್ ತಾರೀಕು ಮರೆಯದ ಹಾಗೆ ಪತ್ತನಾಜೆಗೆ (ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ದಿನ) ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಅಂತ ಇಟ್ಟುಕೊಂಡಿದ್ದೇವೆ. ಕಳೆದ ಪತ್ತನಾಜೆಯದ್ದರಲ್ಲಿ ಗಡ್ಡೆ ಇರಲಿಲ್ಲ, ಪ್ಲೇಟ್ಲೆಟ್ 1.9 ಲಕ್ಷ.