ಮನೆಯ ರೀಫ್ ಟ್ಯಾಂಕಿಗೆ ಕಾರ್ಪೆಟ್ ಅನಿಮೋನ್: ತರುವ ಮೊದಲು, ತಂದ ಮೇಲೆ

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ, ಮೀನು ಇರುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಕಡಲ ಜೀವಿಯಾದ ಕಾರ್ಪೆಟ್ ಅನಿಮೋನ್ ಸಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಅದು ಮನೆಗೆ ಬರುವ ಮೊದಲೇ ಮುಗಿದಿರಬೇಕು. ಬಂದ ಮೇಲೆ ಕೈ ಹಾಕುವುದು ಕಡಿಮೆ, ಸುಮ್ನೆ ನೋಡುವುದು ಜಾಸ್ತಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಅಂಗಡಿಯಲ್ಲಿ ಕಂಡ ದಿನವೇ ತರುತ್ತಾರೆ, ಆಮೇಲೆ ನೀರು ಸರಿಮಾಡಲು ಓಡಾಡುತ್ತಾರೆ.

ನೋಡಲು ಹೂವಿನಂತಿದ್ದರೂ ಇದು ಗಿಡವಲ್ಲ, ಪ್ರಾಣಿ. ಕೆಳಗೆ ಹಿಡಿದುಕೊಳ್ಳಲು ಒಂದು ಬುಡ, ಮೇಲೆ ನಡುಮಧ್ಯೆ ಒಂದೇ ಬಾಯಿ, ಅದರ ಸುತ್ತ ಒತ್ತೊತ್ತಾಗಿ ಗಿಡ್ಡ, ಬೆರಳಿನಂಥ ಕುಟುಕು ಎಳೆಗಳಾದ ಟೆಂಟಕಲ್‌ಗಳು. ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಆ ಪಾಚಿ ಬೆಳಕಿನಲ್ಲಿ ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಅನಿಮೋನ್‌ಗೆ ಸಿಗುತ್ತದೆ. ಅದಕ್ಕೇ ಇದಕ್ಕೆ ಒಳ್ಳೆಯ ಬೆಳಕು ಬೇಕೇಬೇಕು.

ಅನಿಮೋನ್‌ಗಳ ಆಯಸ್ಸು ಕೇಳಿದರೆ ಅಚ್ಚರಿಯಾಗುತ್ತದೆ. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಕಡಲಿಂದ ತಂದು ಗಾಜಿನ ಪಾತ್ರೆಯಲ್ಲಿ ಸಾಕಿದ ಒಂದು ಅನಿಮೋನ್, ಅವರು ತೀರಿಕೊಂಡ ಮೇಲೂ ಬೇರೆಯವರ ಆರೈಕೆಯಲ್ಲಿ 1887ರವರೆಗೆ ಬದುಕಿತ್ತು. ಅದು ಬೇರೆ ಜಾತಿ ನಿಜ. ಆದರೂ ಸರಿಯಾಗಿ ನೋಡಿಕೊಂಡರೆ ಈ ಜೀವಿಗಳು ಎಷ್ಟು ಕಾಲ ಬಾಳಬಲ್ಲವು ಎನ್ನುವುದು ಗೊತ್ತಾಗುತ್ತದೆ. ಅಂಗಡಿಗೆ ಬರುವ ಕಾರ್ಪೆಟ್ ಅನಿಮೋನ್‌ಗಳು ಬಹುತೇಕ ಕಡಲಿನಿಂದಲೇ ಹಿಡಿದವು. ಟ್ಯಾಂಕಿನಲ್ಲಿ ಇವುಗಳ ಸಂತಾನ ಬೆಳೆಸುವುದು ಬಹಳ ಕಷ್ಟ. ನಮ್ಮ ಅವಸರಕ್ಕೆ ಒಂದು ಸತ್ತರೆ ಕಡಲಿನಲ್ಲಿ ಒಂದು ಕಡಿಮೆಯಾದಂತೆಯೇ ಲೆಕ್ಕ.

ಯಾವ ಜಾತಿ?

ಕಾರ್ಪೆಟ್ ಅನಿಮೋನ್ ಎಂಬ ಹೆಸರಿನಲ್ಲಿ ಮುಖ್ಯವಾಗಿ ಮೂರು ಜಾತಿ ಸಿಗುತ್ತವೆ: ಹ್ಯಾಡೋನಿ, ಜೈಗಾಂಟಿಯ, ಮರ್ಟೆನ್ಸಿ. ಹ್ಯಾಡೋನಿ ಮರಳಿನಲ್ಲಿ ಬುಡ ಹೂತು ಬದುಕುತ್ತದೆ. ಜೈಗಾಂಟಿಯಕ್ಕೆ ತೀಕ್ಷ್ಣ ಬೆಳಕು, ಜೋರು ನೀರಿನ ಓಟ ಬೇಕು. ಸಾಗಣೆಯ ಆಯಾಸವನ್ನು ಅದು ಅಷ್ಟು ಸುಲಭವಾಗಿ ತಡೆದುಕೊಳ್ಳುವುದಿಲ್ಲ. ಮರ್ಟೆನ್ಸಿ ಕಲ್ಲಿಗೆ ಅಂಟಿಕೊಳ್ಳುವ ಜಾತಿ, ಕಡಲಿನಲ್ಲಿ ಒಂದು ಮೀಟರಿಗಿಂತ ಅಗಲ ಬೆಳೆಯುವುದುಂಟು. ಮನೆಯ ಟ್ಯಾಂಕಿಗೆ ಅದು ಬೇಡವೇ ಬೇಡ.

ಮೊದಲ ಸಲ ಸಾಕುವವರಿಗೆ ನನ್ನ ಸಲಹೆ ಹ್ಯಾಡೋನಿ. ನಮ್ಮ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಕಡಲಲ್ಲೂ ಇರುವ ಜಾತಿ ಇದು. ಗುರುತಿಸುವುದು ಹೇಗೆ? ಬಾಯಿಯ ಕಡೆ ನೋಡಬೇಡಿ, ಅಂಚನ್ನು ಸ್ವಲ್ಪ ಮಡಚಿ ಕೆಳಭಾಗ ತೋರಿಸಲು ಹೇಳಿ. ಅಲ್ಲಿ ಕಡುನೇರಳೆ ಅಥವಾ ನೀಲಿ ಚುಕ್ಕೆಗಳಿದ್ದರೆ ಜೈಗಾಂಟಿಯ, ಕಿತ್ತಳೆ ಅಥವಾ ಕೆನ್ನೇರಳೆ ಚುಕ್ಕೆಗಳಿದ್ದರೆ ಮರ್ಟೆನ್ಸಿ ಇರಬಹುದು. ಹ್ಯಾಡೋನಿಯ ಕೆಳಭಾಗದಲ್ಲಿ ಇಂಥ ಎದ್ದು ಕಾಣುವ ಚುಕ್ಕೆಗಳಿರುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ರಕ್ಷಣೆ ಇದೆ. ಆದ್ದರಿಂದ ಟ್ಯಾಂಕಿನೊಳಗೆ ಜೋಡಿಸಲು ಕಡಲಿನಿಂದ ಒಡೆದು ತಂದ ಹವಳದ ಕಲ್ಲು ಬೇಡ, ಕೃತಕ ರೀಫ್ ಕಲ್ಲು ಸಾಕು. ಅನಿಮೋನ್ ಕೊಳ್ಳುವಾಗಲೂ ಎಲ್ಲಿಂದ ಬಂತು ಎಂದು ಕೇಳಿ, ಬಿಲ್ ತಗೊಳ್ಳಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಅಲ್ಲಿಂದ ಏನನ್ನಾದರೂ ಕಿತ್ತು ತರುವ ಯೋಚನೆಯನ್ನೂ ಮಾಡಬಾರದು.

ಟ್ಯಾಂಕ್ ಸಿದ್ಧವಾಗಿದೆಯೇ?

ಟ್ಯಾಂಕಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ವರ್ಷವಾಗಿದ್ದರೆ ಇನ್ನೂ ಒಳ್ಳೆಯದು. ಹೊಸ ಟ್ಯಾಂಕಿನಲ್ಲಿ ನೀರಿನ ಗುಣ ದಿನಕ್ಕೊಂದು ಥರ ಇರುತ್ತದೆ. ಮೀನು ಹೇಗೋ ತಡೆದುಕೊಳ್ಳುತ್ತದೆ, ಅನಿಮೋನ್ ತಡೆದುಕೊಳ್ಳುವುದಿಲ್ಲ.

ಅಳತೆ 300 ಲೀಟರಿಗೆ ಕಡಿಮೆ ಬೇಡ. ಅದಕ್ಕಿಂತ ಮುಖ್ಯವಾದದ್ದು ತಳದ ಅಗಲ. ಹ್ಯಾಡೋನಿ ಟ್ಯಾಂಕಿನಲ್ಲೇ 40–50 ಸೆಂಟಿಮೀಟರ್ ಅಗಲಕ್ಕೆ ಬೆಳೆಯಬಲ್ಲದು. ಎತ್ತರ ಜಾಸ್ತಿ, ಅಗಲ ಕಡಿಮೆ ಇರುವ ಟ್ಯಾಂಕ್ ಇದಕ್ಕೆ ಆಗಿಬರುವುದಿಲ್ಲ. ಒಂದು ಕಡೆ 10ರಿಂದ 15 ಸೆಂಟಿಮೀಟರ್ ಆಳ ನುಣ್ಣನೆ ಮರಳು ಹಾಕಿ. ಆ ಜಾಗದ ಸುತ್ತ ಕಲ್ಲು, ಮೆದು ಹವಳ ಏನೂ ಇರಬಾರದು. ಅದರ ಟೆಂಟಕಲ್ ತಾಗಿದ ಹವಳ ಸುಟ್ಟುಹೋಗುತ್ತದೆ.

ನೀರಿನ ಲೆಕ್ಕ ಹೀಗಿರಲಿ: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆ 1.025–1.026. ಉಷ್ಣತೆ 25ರಿಂದ 27 ಡಿಗ್ರಿ. ಪಿಎಚ್ 8.1ರಿಂದ 8.4. ಕ್ಷಾರೀಯತೆ (ಪಿಎಚ್ ಇಳಿಯದಂತೆ ತಡೆಯುವ ಗುಣ) 8ರಿಂದ 10 ಡಿಕೆಎಚ್. ಅಮೋನಿಯ, ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಪಿಪಿಎಂ ಆಸುಪಾಸು ಇದ್ದರೆ ತೊಂದರೆಯಿಲ್ಲ. ಈ ಅಂಕಿಗಳನ್ನು ಒಂದು ದಿನ ಮುಟ್ಟಿದರೆ ಸಾಲದು, ತಿಂಗಳುಗಟ್ಟಲೆ ಅಲ್ಲೇ ನಿಲ್ಲಬೇಕು.

ಬೋರ್‌ವೆಲ್ ನೀರಾಗಲಿ, ಕಾವೇರಿ ನೀರಾಗಲಿ ನೇರ ಹಾಕುವ ಹಾಗಿಲ್ಲ. ಒಂದರಲ್ಲಿ ಗಡಸು, ಇನ್ನೊಂದರಲ್ಲಿ ಕ್ಲೋರಿನ್. ಆರ್‌ಓ ಜೊತೆಗೆ ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ದಾಟಿ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ ನೀರಿಗೇ ಉಪ್ಪು ಬೆರೆಸಬೇಕು. ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆ, ಹಂಡೆ ಇರುತ್ತವೆ ಅಲ್ವಾ? ಟ್ಯಾಂಕಿನ ನೀರು ಅವುಗಳ ಹತ್ತಿರ ಸುಳಿಯಕೂಡದು. ತಾಮ್ರ ಅನಿಮೋನ್‌ಗೆ ವಿಷ. ಮೀನಿನ ಕಾಯಿಲೆಗೆ ಹಿಂದೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕ್ ಆದರೆ ಅದರ ಕಲ್ಲು, ಮರಳು ಕೂಡ ನಂಬಿಕೆಗೆ ಅರ್ಹವಲ್ಲ.

ಮಂಗಳೂರು, ಕಾರವಾರದ ಬೇಸಿಗೆಗೆ ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ನಡೆಯುವುದಿಲ್ಲ. ಬೆಂಗಳೂರಿನಲ್ಲೂ ಏಪ್ರಿಲ್‌ನಲ್ಲಿ ಬೇಕಾಗಬಹುದು. ಕರೆಂಟ್ ಹೋದಾಗ ಕನಿಷ್ಠ ಒಂದು ಪಂಪಾದರೂ ಯುಪಿಎಸ್ ಮೇಲೆ ಓಡುತ್ತಿರಲಿ.

ಈಗ ಜನ ಅತಿ ಹೆಚ್ಚು ಮರೆಯುವ ವಿಷಯ: ಪಂಪು. ಅನಿಮೋನ್ ಜಾಗ ಹಿಡಿಸದಿದ್ದರೆ ಬುಡ ಬಿಟ್ಟು ತೇಲುತ್ತದೆ. ತೇಲುತ್ತಾ ಹೋಗಿ, ನೀರಿನಲ್ಲಿ ಅಲೆ ಎಬ್ಬಿಸುವ ಪಂಪಾದ ವೇವ್‌ಮೇಕರ್‌ನ ಬಾಯಿಗೆ ಸಿಕ್ಕರೆ ಚೂರುಚೂರು. ಆ ಚೂರುಗಳು ನೀರನ್ನು ಕೆಡಿಸಿ ಇಡೀ ಟ್ಯಾಂಕಿನ ಮೀನುಗಳನ್ನು ಬಲಿ ತೆಗೆದುಕೊಳ್ಳಬಹುದು. ಅದಕ್ಕೆ ಅನಿಮೋನ್ ತರುವ ಹಿಂದಿನ ದಿನವೇ ಎಲ್ಲಾ ವೇವ್‌ಮೇಕರ್‌ಗಳಿಗೂ ಸ್ಪಂಜಿನ ಕವಚ ಅಥವಾ ಜಾಲರಿ ಕಟ್ಟಿ. ನೀರು ಕೆಳಗಿಳಿಯುವ ಓವರ್‌ಫ್ಲೋ ಕಿಂಡಿಗೂ ಜಾಲರಿ ಇರಲಿ. ಹೀಟರ್ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಾದ ಸಂಪಿನೊಳಗಿರಲಿ. ಸ್ಪಂಜಿನಲ್ಲಿ ಕಸ ಕೂರುವುದರಿಂದ ಎರಡು ಮೂರು ದಿನಕ್ಕೊಮ್ಮೆ ತೊಳೆಯಬೇಕು.

ಅಂಗಡಿಯಲ್ಲಿ

ಒಂದು ಹತ್ತು ನಿಮಿಷ ಟ್ಯಾಂಕಿನ ಮುಂದೆ ನಿಂತು ನೋಡಿ. ಮೊದಲು ಬಾಯಿ. ಅದು ಬಿಗಿಯಾಗಿ ಮುಚ್ಚಿರಬೇಕು. ಬಾಯಿ ಜೋತುಬಿದ್ದು ತೆರೆದುಕೊಂಡಿದ್ದರೆ, ಒಳಗಿನ ಬಿಳಿ ದಾರದಂಥದ್ದು ಹೊರಗೆ ಬಂದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಆಮೇಲೆ ಬುಡ. ಗಾಜಿಗೋ ಕಲ್ಲಿಗೋ ಹಿಡಿದುಕೊಂಡಿದೆಯೇ? ಹರಿದ ಗಾಯ ಇದೆಯೇ? ಹಿಡಿದಿದ್ದನ್ನು ಎಳೆದು ಕಿತ್ತರೆ ಬುಡ ಹರಿಯುತ್ತದೆ, ಹರಿದ ಬುಡ ಕೊಳೆಯುತ್ತದೆ. ಅಂಗಡಿಯವರು ಎಬ್ಬಿಸುವಾಗ ಪಕ್ಕದಲ್ಲೇ ಇರಿ. ಉಗುರು ತಾಗದಂತೆ, ಅಂಚಿನಿಂದ ನಿಧಾನವಾಗಿ ಬಿಡಿಸಬೇಕು.

ಬಣ್ಣ ಕಂದು, ಹಸಿರು, ಬೂದು ಇದ್ದರೆ ಚಿಂತೆಯಿಲ್ಲ. ಬೆಳ್ಳಗಾಗಿದ್ದರೆ ಒಳಗಿನ ಪಾಚಿ ಹೋಗಿದೆ ಎಂದರ್ಥ. ಬುಡದಿಂದ ತುದಿಯವರೆಗೆ ಒಂದೇ ಸಮ ಹೊಳೆಯುವ ಹಳದಿ, ಗುಲಾಬಿ ಕಂಡರೆ ಬಣ್ಣ ಹಾಕಿದ್ದೇ ಇರಬಹುದು, ಹಾಗೆ ಮಾಡುವವರಿದ್ದಾರೆ. ಕೊನೆಯದಾಗಿ ಒಂದು ಚೂರು ಸೀಗಡಿ ಹಾಕಿಸಿ ನೋಡಿ. ಟೆಂಟಕಲ್‌ಗಳು ತಕ್ಷಣ ಅಂಟಿ ಹಿಡಿಯಬೇಕು. ಎಲ್ಲಾ ಸರಿಯಿದ್ದರೂ ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಬಿಡಿ. ಒಂದು ವಾರದ ನಂತರವೂ ಹಾಗೇ ಇದ್ದರೆ ತನ್ನಿ.

ಮನೆಗೆ ತಂದ ದಿನ

ಲೈಟನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಚೀಲವನ್ನು ಬಿಚ್ಚದೆ 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಎರಡೂ ನೀರಿನ ಉಷ್ಣತೆ ಸಮವಾಗಲಿ. ನಂತರ ಚೀಲದ ನೀರು, ಅನಿಮೋನ್ ಎರಡನ್ನೂ ಸ್ವಚ್ಛ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ಅದರ ಉಪ್ಪಿನಂಶವನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಸಣ್ಣ ಪೈಪಿಗೆ ಸಡಿಲ ಗಂಟು ಹಾಕಿ ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಕೆಟ್ಟಿಗೆ ಬೀಳಲಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ದೂರದಿಂದ ಬಂದ ಚೀಲವಾದರೆ ಇನ್ನೂ ಬೇಗ ಮುಗಿಸಿ. ಚೀಲ ಬಿಚ್ಚಿದ ಮೇಲೆ ಪಿಎಚ್ ಏರುತ್ತದೆ, ಪಿಎಚ್ ಏರಿದಂತೆ ಆ ನೀರಿನಲ್ಲಿ ಸೇರಿದ್ದ ಅಮೋನಿಯ ಹೆಚ್ಚು ವಿಷವಾಗುತ್ತದೆ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇದರ ಕುಟುಕು ಕೆಲವರಿಗೆ ತುರಿಕೆ, ಗಂದೆ ತರುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ ಹೋಗಬೇಕು. ಕೈಯಲ್ಲಿ ಸೋಪು, ಸ್ಯಾನಿಟೈಸರ್ ಉಳಿದಿರಬಾರದು.

ಪಂಪುಗಳನ್ನು ನಿಲ್ಲಿಸಿ. ಮರಳಿನಲ್ಲಿ ಅಂಗೈ ಅಗಲದ ಗುಣಿ ಮಾಡಿ, ಬುಡ ಕೆಳಗೆ ಬರುವಂತೆ ಅನಿಮೋನನ್ನು ಅದರಲ್ಲಿ ಕೂರಿಸಿ. ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಬುಡದ ಮೇಲೆ ಮರಳು ಮುಚ್ಚುವ ಅಗತ್ಯವಿಲ್ಲ, ಅದೇ ಇಳಿಯುತ್ತದೆ. ಅತ್ತಿತ್ತ ವಾಲುತ್ತಿದ್ದರೆ ತೂತಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಸುತ್ತ ಇಡಬಹುದು. ಅರ್ಧ ಗಂಟೆಯಾದ ಮೇಲೆ ಪಂಪನ್ನು ಕಡಿಮೆ ವೇಗದಲ್ಲಿ ಹಾಕಿ. ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪು ಆಫ್ ಆಗಿಯೇ ಉಳಿದುಬಿಟ್ಟಿತೇ ಎಂದು ಇನ್ನೊಮ್ಮೆ ನೋಡಿ.

ಮೊದಲ ಎರಡು ವಾರ

ಈ ದಿನಗಳಲ್ಲಿ ಮನಸ್ಸು ತಡೆಯುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ತಟ್ಟೆಯಗಲ ಅರಳಿದ್ದ ಅನಿಮೋನ್ ಮುಷ್ಟಿಗಾತ್ರಕ್ಕೆ ಕುಗ್ಗಿ ಬಾಯಿಂದ ಕಂದು ಲೋಳೆ ಉಗುಳುತ್ತಿರುತ್ತದೆ. ಗಾಬರಿಯಾಗಬೇಡಿ. ಒಳಗಿನ ಕಸವನ್ನೂ ಹೆಚ್ಚಾದ ಪಾಚಿಯನ್ನೂ ಅದು ಹೀಗೇ ಹೊರಹಾಕುತ್ತದೆ. ಕೆಲವು ಗಂಟೆಯಲ್ಲಿ ಮತ್ತೆ ಉಬ್ಬಿದರೆ ಎಲ್ಲಾ ಸರಿ. ಕೈ ಹಾಕಿ ಜಾಗ ಬದಲಿಸಬೇಡಿ. ಅದಾಗಿಯೇ ಸರಿದರೆ ಸರಿಯಲಿ, ಬೆಳಕು, ನೀರಿನ ಓಟ ಎಲ್ಲಿ ಹಿಡಿಸುತ್ತದೋ ಅಲ್ಲಿ ನಿಲ್ಲುತ್ತದೆ.

ಚಿಂತೆ ಮಾಡಬೇಕಾದ ಲಕ್ಷಣಗಳು ಬೇರೆ. ಹಗಲೆಲ್ಲ ಕುಗ್ಗಿಯೇ ಇರುವುದು, ದಿನಕ್ಕೆ ಹಲವು ಸಲ ಕುಗ್ಗಿ ಉಬ್ಬುವುದು, ಬಾಯಿ ಮುಚ್ಚದಿರುವುದು, ಬುಡ ಎಲ್ಲೂ ಹಿಡಿಯದಿರುವುದು. ಇಂಥದ್ದನ್ನು ಬೇರೆ ಆಸ್ಪತ್ರೆ ಟ್ಯಾಂಕಿಗೆ ಹಾಕಬೇಕು. ಅನುಭವಿ ಹವ್ಯಾಸಿಗಳು ಅಲ್ಲಿ ಸಿಪ್ರೋಫ್ಲಾಕ್ಸಸಿನ್ ಕೊಟ್ಟು, ದಿನಾ ನೀರು ಬದಲಿಸಿ ಉಳಿಸಿಕೊಂಡದ್ದುಂಟು. ಅದು ಆ್ಯಂಟಿಬಯೋಟಿಕ್. ಪಶುವೈದ್ಯರನ್ನು ಕೇಳದೆ ಬಳಸಬೇಡಿ, ಮುಖ್ಯ ಟ್ಯಾಂಕಿಗಂತೂ ಹಾಕಲೇಬಾರದು.

ಲೈಟನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ಪಾರ್ ಮೀಟರ್ (ಪಾಚಿಗೆ ದಕ್ಕುವ ಬೆಳಕನ್ನು ಅಳೆಯುವ ಸಾಧನ) ಇದ್ದರೆ ಹ್ಯಾಡೋನಿಗೆ 200ರಿಂದ 350 ಗುರಿಯಾಗಿರಲಿ.

ಊಟ

ಮೊದಲ ವಾರ ಏನೂ ಕೊಡಬೇಡಿ. ಬುಡ ಹಿಡಿದು, ಬಾಯಿ ಮುಚ್ಚಿ, ಎರಡು ಮೂರು ದಿನ ಸರಿಯಾಗಿ ಅರಳಿದ ಮೇಲೆ ಕಡಲೆಕಾಳು ಗಾತ್ರದ ಸೀಗಡಿ ಚೂರು ಸಾಕು. ಮೀನು ಮಾರ್ಕೆಟ್ಟಿನ ಹಸಿ ಸೀಗಡಿಯನ್ನು ಸಿಪ್ಪೆ ತೆಗೆದು, ತೊಳೆದು, ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದು. ಉಪ್ಪು, ಅರಿಶಿನ ಸೋಕಿರಬಾರದು. ಉದ್ದನೆಯ ಇಕ್ಕಳದಲ್ಲಿ ಹಿಡಿದು ಬಾಯಿಯ ಹತ್ತಿರ ಬಿಡಿ. ಚೂರು ತಾಗಿದ ಜಾಗದ ಟೆಂಟಕಲ್‌ಗಳು ಮೊದಲು ಅದನ್ನು ಹಿಡಿಯುತ್ತವೆ. ಆಮೇಲೆ ಆ ಬದಿಯ ಅಂಚು ಒಳಗೆ ಮಡಚಿಕೊಂಡು, ಬಾಯಿ ನಿಧಾನವಾಗಿ ಅದರ ಕಡೆಗೇ ಸರಿದು ಬರುತ್ತದೆ. ವಾರಕ್ಕೆ ಒಂದೆರಡು ಸಲ ಇಷ್ಟು ಕೊಟ್ಟರೆ ಸಾಕು. ದೊಡ್ಡ ತುಂಡು ಕೊಟ್ಟರೆ ಮಾರನೇ ದಿನ ವಾಪಸ್ ಉಗುಳುತ್ತದೆ, ಅದು ಕೊಳೆತು ನೀರು ಕೆಡುತ್ತದೆ.

ಜೊತೆಗೆ ಯಾರು?

ಹ್ಯಾಡೋನಿ ಮೀನು ತಿನ್ನುತ್ತದೆ. ತಳದಲ್ಲಿ ಓಡಾಡುವ ಗೋಬಿ, ಮ್ಯಾಂಡರಿನ್ ಥರದವು, ರಾತ್ರಿ ನಿದ್ದೆಗಣ್ಣಲ್ಲಿ ಬೆದರಿದ ಮೀನುಗಳು ಸುಲಭದ ತುತ್ತು. ಸಣ್ಣ ದುಬಾರಿ ಮೀನುಗಳನ್ನು ಪ್ರೀತಿಯಿಂದ ಸಾಕುತ್ತಿರುವವರು ಈ ಅನಿಮೋನ್ ತರಲೇಬಾರದು. ಬಟರ್‌ಫ್ಲೈ ಮೀನುಗಳದ್ದು ಇದಕ್ಕೆ ವಿರುದ್ಧ, ಅವು ಅನಿಮೋನನ್ನೇ ಕಚ್ಚುತ್ತವೆ.

ಅನಿಮೋನ್ ನಡುವೆ ವಾಸಿಸುವ ಕ್ಲೌನ್ ಮೀನು ತರಲು ಅವಸರ ಬೇಡ. ಬುಡ ಊರದ ಅನಿಮೋನ್‌ಗೆ ಅದು ಮೈಯುಜ್ಜಿ ಉಜ್ಜಿ ಕಾಟ ಕೊಡುತ್ತದೆ. ಮೂರು ನಾಲ್ಕು ವಾರ ಕಳೆಯಲಿ. ಕಡಲಿನಲ್ಲಿ ಹ್ಯಾಡೋನಿಯ ಜೊತೆ ಸೀಬೆ, ಕ್ಲಾರ್ಕಿ ಕ್ಲೌನ್‌ಗಳು ಇರುತ್ತವೆ. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯ ಒಸೆಲಾರಿಸ್ ಕಡಲಿನಲ್ಲಿ ಇದರ ಜೊತೆಗಾರನಲ್ಲ, ಟ್ಯಾಂಕಿನಲ್ಲಿ ಒಪ್ಪಿಕೊಂಡರೂ ಒಪ್ಪಿಕೊಳ್ಳಬಹುದು, ಇಲ್ಲದೆಯೂ ಇರಬಹುದು. ಮೀನನ್ನು ಅಟ್ಟಿಸಿ ಅನಿಮೋನ್ ಕಡೆ ದೂಡಬೇಡಿ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿ ಮಾಡಿಸಿ ಬೆಳೆಸುವ ವಿಧಾನ ರೂಪಿಸಿದೆ. ಕಡಲಿಂದ ಹಿಡಿದ ಮೀನು ಬಿಟ್ಟು ಹೀಗೆ ಬೆಳೆಸಿದ ಮರಿಗಳನ್ನೇ ಕೇಳಿ ತನ್ನಿ.

ಸತ್ತರೆ

ಸಾಯುತ್ತಿರುವ ಅನಿಮೋನ್ ಅಂಚಿನಿಂದ ಕರಗತೊಡಗುತ್ತದೆ. ಟೆಂಟಕಲ್ ಅಂಟುವುದಿಲ್ಲ, ಮುಟ್ಟಿದರೆ ಲೋಳೆಯಾಗಿ ಕೈಗೆ ಬರುತ್ತದೆ, ಹೊರಗೆತ್ತಿದರೆ ಕೊಳೆತ ವಾಸನೆ ಹೊಡೆಯುತ್ತದೆ. ಆ ಹಂತದಲ್ಲಿ ನಾಳೆ ನೋಡೋಣ ಎನ್ನಬೇಡಿ. ನೀರಿನೊಳಗೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಸಿ, ಮುಚ್ಚಳ ಹಾಕಿ ಆ ಕ್ಷಣವೇ ಹೊರಗೆ ತೆಗೆಯಿರಿ. ಟ್ಯಾಂಕಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಕಪ್ ತೊಳೆದು ಓಡಿಸಿ. ಮೂರು ದಿನ ಬೆಳಿಗ್ಗೆ ಸಂಜೆ ಅಮೋನಿಯ ಪರೀಕ್ಷೆ ಮಾಡಿ, ಏರಿದ್ದರೆ ಮತ್ತೆ ನೀರು ಬದಲಿಸಿ. ಯಾಕೆ ಸತ್ತಿತು ಎನ್ನುವುದಕ್ಕೆ ಕಾರಣ ಸಿಕ್ಕಿ, ನೀರಿನ ಅಂಕಿಗಳು ಮತ್ತೆ ಎರಡು ತಿಂಗಳು ಅಲುಗಾಡದೆ ನಿಲ್ಲುವವರೆಗೆ ಇನ್ನೊಂದು ಅನಿಮೋನ್ ತರಬೇಡಿ.